ಬೇಸಿಗೆಯ ಜಗಳಗಳು

1944ರ ಸೆಪ್ಟೆಂಬರ್ 11ರ ರಾತ್ರಿ ಬಿದ್ದ ಬಾಂಬುಗಳಿಗೆ ಜರ್ಮನಿಯ ಡಾರ್ಮ್‌ಸ್ಟಾಟ್ ಪಟ್ಟಣದ ನಡುಭಾಗವೆಲ್ಲ ಸುಟ್ಟುಹೋಯಿತು. ಅದಾಗಿ ಎರಡು ವರ್ಷ ತುಂಬುವ ಮೊದಲೇ, 1946ರ ಬೇಸಿಗೆಯಲ್ಲಿ, ಅದೇ ಪಟ್ಟಣ ಹೊಸ ಸಂಗೀತಕ್ಕೆಂದು ಒಂದು ಶಿಬಿರ ಹೂಡಿತು. ನಡೆದದ್ದು ಊರಾಚೆಯ ಕ್ರಾನಿಷ್ಟೈನ್ ಎಂಬ ಹಳೆಯ ಬೇಟೆಯರಮನೆಯಲ್ಲಿ. ಮುಂದೆ ನಿಂತು ನಡೆಸಿದವರು ನಗರಾಡಳಿತದಲ್ಲಿ ಸಂಸ್ಕೃತಿಯ ಹೊಣೆ ಹೊತ್ತಿದ್ದ ವೋಲ್ಫ್‌ಗಾಂಗ್ ಷ್ಟೈನೆಕೆ. ಬೆನ್ನಿಗಿದ್ದದ್ದು ಅಮೆರಿಕನ್ ಸೇನಾಡಳಿತ. ನಾಜಿಗಳು 12 ವರ್ಷ ಬಾಯಿ ಕಟ್ಟಿದ್ದ ಸಂಗೀತವನ್ನು ಹುಡುಗರ ಕಿವಿಗೆ ಮುಟ್ಟಿಸುವುದಷ್ಟೇ ಮೊದಲ ಆಸೆ. ಷೋನ್‌ಬರ್ಗ್‌ ಎಂಬ ಸಂಯೋಜಕರ ಹೆಸರು ಕೇಳಿದ್ದರೂ ಅವರ ಒಂದು ಕೃತಿಯನ್ನೂ ಕೇಳದೆ ಬೆಳೆದ ತಲೆಮಾರು ಅದು.

ಮೇ ತಿಂಗಳ ಸಂಚಿಕೆಯಲ್ಲಿ ಇದನ್ನೇಕೆ ಎತ್ತಿಕೊಂಡೆ ಎಂದರೆ, ನಮ್ಮಲ್ಲೀಗ ಬೇಸಿಗೆ ಶಿಬಿರಗಳ ಕಾಲ. ಚಿತ್ರಕಲೆ, ಈಜು, ವೇದಗಣಿತ, ಕೀಬೋರ್ಡ್ ಎಲ್ಲಕ್ಕೂ ಫ್ಲೆಕ್ಸ್ ಕಟ್ಟಿದ್ದಾರೆ. ಕೊನೆಯ ದಿನ ಪ್ರಮಾಣಪತ್ರ, ಅಪ್ಪ ಅಮ್ಮಂದಿರ ಮೊಬೈಲಿಗೊಂದು ವಿಡಿಯೊ. ತಪ್ಪೇನಿಲ್ಲ. ಆದರೆ ಬೇಸಿಗೆ ಶಿಬಿರಕ್ಕೆ ಇನ್ನೊಂದು ವಂಶಾವಳಿಯೂ ಇದೆ. ಅಲ್ಲಿ ಯಾರೂ ಏನನ್ನೂ ಪೂರ್ತಿ ಕಲಿತು ಹೊರಡುವುದಿಲ್ಲ, ಬಹುಮಟ್ಟಿಗೆ ಜಗಳವಾಡಿಕೊಂಡು ಹೊರಡುತ್ತಾರೆ. ಕಳೆದ ಮುಕ್ಕಾಲು ಶತಮಾನದ ಪಾಶ್ಚಾತ್ಯ ಸಂಗೀತದ ಎಷ್ಟೋ ತಿರುವುಗಳು ಅಂಥ ಜಗಳಗಳಿಂದ ಬಂದವು.

1949ರಲ್ಲಿ ಫ್ರಾನ್ಸಿನ ಸಂಯೋಜಕ ಒಲಿವಿಯೆ ಮೆಸಿಯಾನ್ ಡಾರ್ಮ್‌ಸ್ಟಾಟ್‌ಗೆ ಬಂದಿದ್ದಾಗ ಒಂದು ಪುಟ್ಟ ಪಿಯಾನೊ ಕೃತಿಯ ಕೆಲಸದಲ್ಲಿದ್ದರು. ಅದರಲ್ಲಿ 36 ಸ್ವರಸ್ಥಾನ, 24 ಕಾಲಪ್ರಮಾಣ, ಕೀಲಿ ಒತ್ತುವ 12 ಬಗೆ, 7 ಮಟ್ಟದ ಏರುಪೇರು. ಒಂದೊಂದು ಸ್ವರಕ್ಕೂ ಅದರದೇ ಉದ್ದ, ಅದರದೇ ಗಟ್ಟಿತನ ಮೊದಲೇ ನಿಗದಿ. ಎರಡು ವರ್ಷ ಬಿಟ್ಟು ಅಲ್ಲೇ ಅದರ ಧ್ವನಿಮುದ್ರಣ ಕೇಳಿದ ಕಾರ್ಲ್‌ಹೈಂಜ್ ಸ್ಟಾಕ್‌ಹೌಸನ್ ಎಂಬ 22ರ ಹುಡುಗ ಗಂಟುಮೂಟೆ ಕಟ್ಟಿ ಮೆಸಿಯಾನ್ ಹತ್ತಿರ ಕಲಿಯಲು ಪ್ಯಾರಿಸ್‌ಗೆ ಹೋದ. 1952ರಲ್ಲಿ ಆತನ ‘ಕ್ರಾಯ್ಟ್ಸ್‌ಷ್ಪೀಲ್’ ಡಾರ್ಮ್‌ಸ್ಟಾಟ್‌ನಲ್ಲಿ ಮೊದಲ ಬಾರಿ ನುಡಿದಾಗ ಸಭೆಯಲ್ಲಿ ಗದ್ದಲವೆದ್ದಿತು. ಅಷ್ಟರಲ್ಲಿ ಯಂತ್ರವೂ ಒಳಗೆ ಬಂದಾಗಿತ್ತು: ವೆರ್ನರ್ ಮೈಯರ್-ಎಪ್ಲರ್ ಎಂಬ ಧ್ವನಿವಿಜ್ಞಾನಿ 1950ರಲ್ಲೇ ಇಲ್ಲಿ ವಿದ್ಯುತ್ ನಾದದ ಬಗ್ಗೆ ಉಪನ್ಯಾಸ ಕೊಟ್ಟಿದ್ದರು.

ಬಂಡಾಯವೆದ್ದವರು ಮಠ ಕಟ್ಟುವುದಕ್ಕೆ ಹೆಚ್ಚು ಕಾಲ ಬೇಕಾಗಲಿಲ್ಲ. ಹನ್ನೆರಡು ಸ್ವರಗಳೂ ಸಮ, ಯಾವ ಸ್ವರಕ್ಕೂ ಯಜಮಾನಿಕೆಯಿಲ್ಲ ಎಂಬ ಷೋನ್‌ಬರ್ಗ್ ತತ್ವ ಹತ್ತೇ ವರ್ಷದಲ್ಲಿ ಮಡಿಯಾಯಿತು. ಆ ಮಡಿಯೊಳಗೆ 1958ರಲ್ಲಿ, ಸ್ವರಗಳ ಆಯ್ಕೆಯನ್ನು ಆಕಸ್ಮಿಕಕ್ಕೆ ಬಿಡುತ್ತಿದ್ದ ಅಮೆರಿಕದ ಜಾನ್ ಕೇಜ್ ಕಾಲಿಟ್ಟರು. ಫ್ರಾನ್ಸಿನ ಸಂಯೋಜಕ ಬುಲೆಜ್ ಬರಲಾಗದ ಕಾರಣ ಖಾಲಿಬಿದ್ದ ಜಾಗ ಅದು. ಮೂರು ಉಪನ್ಯಾಸ ಕೊಟ್ಟರು. ಮೊದಲನೆಯದರಲ್ಲಿ ಮಾತಿನ ನಡುನಡುವೆ ಡೇವಿಡ್ ಟ್ಯೂಡರ್ ಪಿಯಾನೊ ನುಡಿಸಿದರು. ಮೂರನೆಯದರಲ್ಲಿ ಹೆಚ್ಚಿನಂಶ ಬರೀ ಪ್ರಶ್ನೆಗಳು. ಮರುವರ್ಷ ಇಟಲಿಯ ಲುಯಿಜಿ ನೋನೊ ಇದೇ ವೇದಿಕೆ ಹತ್ತಿ, ಚರಿತ್ರೆಗೆ ಬೆನ್ನು ಹಾಕುವ ಸಂಗೀತ ಎಂದು ಕೇಜ್ ಪಂಥವನ್ನು ತರಾಟೆಗೆ ತೆಗೆದುಕೊಂಡರು. ನನ್ನ ಒಲವು ನೋನೊ ಕಡೆಗೇ. ಆದರೂ ಆ ಶಿಬಿರಕ್ಕೆ ಇನ್ನಷ್ಟು ಆಯುಸ್ಸು ಕೊಟ್ಟವರು ಕೇಜ್ ಎನ್ನಬೇಕು.

ಕಂಪ್ಯೂಟರಿನ ಕಥೆ ಬೇರೆ ಕಡೆ ಶುರುವಾಗಿತ್ತು. 1957ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಬರೆದ ಪ್ರೋಗ್ರಾಮ್ ಒಂದು ಐಬಿಎಂ ಯಂತ್ರದಿಂದ 17 ಸೆಕೆಂಡಿನ ಸಂಗೀತ ಹೊರಡಿಸಿತು. ಕೇಳಿದರೆ ದೊಡ್ಡ ಸುಖವೇನಿಲ್ಲ. 1977ರಲ್ಲಿ ಪ್ಯಾರಿಸ್‌ನಲ್ಲಿ ಬುಲೆಜ್ ಮುಂದಾಳತ್ವದ ಇರ್ಕಾಮ್ ಎಂಬ ಸಂಗೀತ ಸಂಶೋಧನಾ ಕೇಂದ್ರ ಬಾಗಿಲು ತೆರೆಯಿತು. ಡಾರ್ಮ್‌ಸ್ಟಾಟ್‌ನಲ್ಲಿ 1982ರಿಂದ 1994ರವರೆಗೆ ಕಂಪ್ಯೂಟರ್ ಸಂಗೀತದ ಹೊಣೆ ಹೊತ್ತವರು ಕಲ್ಕತ್ತೆಯವರೊಬ್ಬರು. ನಮ್ಮವರು ಅಷ್ಟಾಗಿ ಗಮನಿಸದ ಈ ಕ್ಲಾರೆನ್ಸ್ ಬಾರ್ಲೋ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು.

ಹುಟ್ಟಿದ್ದು 1945ರಲ್ಲಿ, ಕಲ್ಕತ್ತೆಯ ಇಂಗ್ಲಿಷ್ ಮನೆಮಾತಿನ ಕುಟುಂಬದಲ್ಲಿ. ಕಾಲೇಜಿನಲ್ಲಿ ವಿಜ್ಞಾನ, ಜೊತೆಗೆ ಪಿಯಾನೊ. 1968ರಲ್ಲಿ ಕೊಲೋನ್‌ಗೆ ಹೋಗಿ ಸ್ಟಾಕ್‌ಹೌಸನ್ ಅವರ ಬಳಿಯೂ ಕಲಿತರು. ಅಲ್ಲಿ ಮಡಿಯವರು ಹೊರಗಿಟ್ಟಿದ್ದ ಪ್ರಶ್ನೆಯನ್ನೇ ಕೈಗೆತ್ತಿಕೊಂಡರು: ಎರಡು ಸ್ವರ ಒಂದಕ್ಕೊಂದು ಹೊಂದುತ್ತವೆ ಎಂದು ಕಿವಿ ಹೇಳುತ್ತದಲ್ಲ, ಎಷ್ಟು ಹೊಂದುತ್ತವೆ? ಅದನ್ನು ಅಳೆಯಲು ಒಂದೊಂದು ಸಂಖ್ಯೆಗೂ ಇಷ್ಟಿಷ್ಟು ‘ಅಜೀರ್ಣ’ ಎಂದು ಲೆಕ್ಕ ಕಟ್ಟಿದರು. 2ರ ಅಜೀರ್ಣ 1; 3ರದು 2.67, 5ರದು 6.4, 7ರದು 10 ದಾಟುತ್ತದೆ. 4 ಎಂದರೆ ಎರಡೆರಡಲೆ, ಹಾಗಾಗಿ 2. ಷಡ್ಜ–ಪಂಚಮಗಳ ಅನುಪಾತ 3:2 ಎಂದು ಸಂಗೀತದ ಮೊದಲ ವರ್ಷದವರಿಗೂ ಗೊತ್ತು. 2.67ಕ್ಕೆ 1 ಕೂಡಿಸಿ, ಒಂದನ್ನು ಆ ಮೊತ್ತದಿಂದ ಭಾಗಿಸಿದರೆ 0.27. ಷಡ್ಜ–ತಾರಷಡ್ಜಕ್ಕೆ ಇದೇ ಲೆಕ್ಕದಲ್ಲಿ 1 ಬರುತ್ತದೆ, ಷಡ್ಜ–ಅಂತರ ಗಾಂಧಾರಕ್ಕೆ 0.12. ತಂಬೂರಿಯ ಎದುರು ಕೂತ ಯಾರ ಕಿವಿಯೂ ಈ ಸಾಲನ್ನು ಒಪ್ಪುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ಶುದ್ಧ ಮಧ್ಯಮದ ಲೆಕ್ಕ. 4:3ಕ್ಕೆ ಬರುವುದು 0.21, ಆದರೆ ಹಿಂದೊಂದು ಋಣ ಚಿಹ್ನೆ. ಅಂದರೆ ಈ ಜೋಡಿಯಲ್ಲಿ ಆಧಾರ ಎನಿಸುವುದು ಕೆಳಗಿನ ಷಡ್ಜವಲ್ಲ, ಮೇಲಿನ ಮಧ್ಯಮ. ಮಧ್ಯಮ ಶ್ರುತಿ ಹಿಡಿದು ಹಾಡಿದವರು ‘ಇದನ್ನು ಹೇಳಲಿಕ್ಕೆ ಜರ್ಮನಿಗೆ ಹೋಗಬೇಕಿತ್ತೇ’ ಎಂದು ನಕ್ಕಾರು. ನಗಲಿ. ಡಾರ್ಮ್‌ಸ್ಟಾಟ್‌ನಂಥ ಊರಿನಲ್ಲಿ ಅದು ನಗುವ ಮಾತಾಗಿರಲಿಲ್ಲ.

ತಾಳಕ್ಕೂ ಹೀಗೇ. ಆರು ಅಕ್ಷರದ ಆವರ್ತನ ತೆಗೆದುಕೊಳ್ಳಿ. ಯಾವ ಅಕ್ಷರ ಬಿಟ್ಟರೂ ತಾಳ ಉಳಿಯುತ್ತದೆ, ಯಾವುದನ್ನು ಬಿಟ್ಟರೆ ಕುಸಿಯುತ್ತದೆ? ಮೂರು-ಮೂರಾಗಿ ಒಡೆದರೆ ಮೊದಲ ಅಕ್ಷರದ ನಂತರ ಅತಿ ಅಗತ್ಯದ್ದು ನಾಲ್ಕನೆಯದು. ಎರಡೆರಡಾಗಿ ಒಡೆದರೆ ಆ ಪಟ್ಟ ಐದನೆಯದಕ್ಕೆ. ಎರಡು ಬಗೆಯಲ್ಲೂ ಎರಡನೆಯ ಅಕ್ಷರ ಎಲ್ಲಕ್ಕಿಂತ ಬಡಪಾಯಿ. ಬಾರ್ಲೋ ಇದನ್ನೆಲ್ಲ ಅಂಕಿಗಳಾಗಿ ಕಂಪ್ಯೂಟರಿಗೆ ಊಡಿದರು. ‘ಆಟೊಬಸ್ಕ್’ ಎಂಬ ಅವರ ಪ್ರೋಗ್ರಾಮ್ ಅಟಾರಿ ಯಂತ್ರದ ಮೇಲೆ ಓಡುತ್ತಿತ್ತು. ಸ್ವರಗಳ ಹೊಂದಿಕೆ, ತಾಳದ ಬಿಗಿ ಎರಡನ್ನೂ ರೇಡಿಯೊ ಗುಂಡಿ ತಿರುಗಿಸಿದ ಹಾಗೆ ಹೆಚ್ಚು-ಕಡಿಮೆ ಮಾಡಬಹುದಿತ್ತು. ಶ್ರುತಿಯ ಪ್ರಜ್ಞೆ ಪೂರ್ತಿ ಕರಗುವ ತನಕ ತಿರುಗಿಸುತ್ತ ಹೋಗಬಹುದು. ಬೇಕೆಂದರೆ ಮರಳಿ ಬರಬಹುದು. 1975ರಿಂದ 1979ರವರೆಗೆ ಕಂಪ್ಯೂಟರ್ ನೆರವಿನಿಂದ ಅವರು ಕಟ್ಟಿದ ಪಿಯಾನೊ ಕೃತಿಯ ಹೆಸರು ತುರ್ಕಿಯ ಬಸ್ ಕಂಪನಿಯೊಂದರ ಬೋರ್ಡಿನಂತಿದೆ: ‘ಚೋಲುಓಟೊಬ್ಯೂಸ್‌ಇಶ್ಲೆಟ್ಮೆಸಿ’. ಮಡಿಯವರ ಊರಿನಲ್ಲಿ ಹೀಗೆ ತಮಾಷೆ ಮಾಡಲೂ ಧೈರ್ಯ ಬೇಕು. 2023ರಲ್ಲಿ ಬಾರ್ಲೋ ತೀರಿಕೊಂಡರು. ಕನ್ನಡದಲ್ಲಿ ಅವರ ಬಗ್ಗೆ ಬಂದ ಬರಹ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಅದೇ 2023ರಲ್ಲಿ ನಮ್ಮ ನೆಲದ ಇನ್ನೊಂದು ಹಳೆಯ ಕಥೆ ಆಲ್ಬಮ್ ರೂಪದಲ್ಲಿ ಹೊರಬಂತು. ಕೇಜ್ ಜೊತೆ ಡಾರ್ಮ್‌ಸ್ಟಾಟ್‌ನಲ್ಲಿ ಪಿಯಾನೊ ನುಡಿಸಿದ ಆ ಟ್ಯೂಡರ್ 1969ರಲ್ಲಿ ಅಹಮದಾಬಾದ್‌ಗೆ ಬಂದು, ಅಲ್ಲಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಜರ್ ಕೂಡಿಸಿ ಒಂದು ಸ್ಟುಡಿಯೊ ಸಜ್ಜು ಮಾಡಿಕೊಟ್ಟಿದ್ದರು. ಗೀತಾ ಸಾರಾಭಾಯಿ, ಐ. ಎಸ್. ಮಾಥುರ್, ಅತುಲ್ ದೇಸಾಯಿ, ಎಸ್. ಸಿ. ಶರ್ಮಾ, ಜಿನರಾಜ್ ಜೋಶಿಪುರ ಅಲ್ಲಿ ಕೆಲಸ ಮಾಡಿದರು. ಗೀತಾ ಅವರ ನಂಟು ಇನ್ನೂ ಹಳೆಯದು. 1946ರಲ್ಲಿ, ಅತ್ತ ಕ್ರಾನಿಷ್ಟೈನ್‌ನಲ್ಲಿ ಮೊದಲ ಶಿಬಿರ ಕೂಡಿದ ವರ್ಷ, ಇತ್ತ ನ್ಯೂಯಾರ್ಕ್‌ನಲ್ಲಿ ಅವರು ಕೇಜ್‌ಗೆ ನಮ್ಮ ಸಂಗೀತ ಹೇಳಿಕೊಟ್ಟು, ಅವರಿಂದ ಪಾಶ್ಚಾತ್ಯ ಸಂಗೀತ ಹೇಳಿಸಿಕೊಂಡರು. ಇಬ್ಬರೂ ಫೀಸು ತೆಗೆದುಕೊಳ್ಳಲಿಲ್ಲ. ಅಹಮದಾಬಾದ್ ಸ್ಟುಡಿಯೊ ಕೆಲವೇ ವರ್ಷಗಳಲ್ಲಿ ಸದ್ದಡಗಿತು. ಟೇಪುಗಳು ದಶಕಗಳ ಕಾಲ ಸಂಸ್ಥೆಯ ದಾಸ್ತಾನಿನಲ್ಲೇ ಇದ್ದವು. ಪಾಲ್ ಪರ್ಗಸ್ ಎಂಬ ಕಲಾವಿದ ಅವನ್ನು ಹುಡುಕಿ ತೆಗೆದ ಮೇಲೆ, 1969ರಿಂದ 1972ರವರೆಗಿನ ಆಯ್ದ ಕೃತಿಗಳು ಆಲ್ಬಮ್ ಆಗಿ ಬಂದವು.

ನನಗೆ ತೋರುವುದು ಇಷ್ಟು. ಅಹಮದಾಬಾದ್‌ಗೆ ಯಂತ್ರ ಬಂತು, ಮೇಷ್ಟ್ರೂ ಬಂದರು. ಪ್ರತಿ ಬೇಸಿಗೆ ಹೊಸಬರು ಬಂದು ಹಳಬರ ಕೆಲಸ ಕೇಳಿ ‘ಇದೆಂಥದು’ ಎಂದು ಮೂಗು ಮುರಿಯುವ ಏರ್ಪಾಡು ಮಾತ್ರ ಬರಲಿಲ್ಲ. ಡಾರ್ಮ್‌ಸ್ಟಾಟ್‌ನಲ್ಲಿ ಅದಿತ್ತು. 1970ರವರೆಗೆ ವರ್ಷಕ್ಕೊಮ್ಮೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಸ್ಥಾಪಕ ಷ್ಟೈನೆಕೆ 1961ರಲ್ಲಿ ತೀರಿಕೊಂಡರೂ ಶಿಬಿರ ನಿಲ್ಲಲಿಲ್ಲ.

ಇವತ್ತು ಯಂತ್ರಕ್ಕಾಗಿ ಯಾರೂ ಊರು ಬಿಡಬೇಕಿಲ್ಲ. 1980ರ ದಶಕದಲ್ಲಿ ಇರ್ಕಾಮ್‌ನ ನೆಲಮಾಳಿಗೆಯಲ್ಲಿ ಒಂದು ಬೀರುವಿನಷ್ಟಿದ್ದ ಶಕ್ತಿ ಈಗ ಹಾಸ್ಟೆಲ್ ಹುಡುಗಿಯ ಲ್ಯಾಪ್‌ಟಾಪಿನಲ್ಲಿದೆ. ಇರ್ಕಾಮ್‌ನಲ್ಲೇ ಹುಟ್ಟಿದ ‘ಮ್ಯಾಕ್ಸ್’ ತಂತ್ರಾಂಶ ಬೆಂಗಳೂರಿನ ಬಾಡಿಗೆ ಕೋಣೆಯಲ್ಲೂ ಓಡುತ್ತದೆ. ಆದರೂ ಜೂನ್ ಬಂತೆಂದರೆ ಯುವ ಸಂಯೋಜಕರು ಪ್ಯಾರಿಸ್‌ಗೆ, ಇರ್ಕಾಮ್‌ನ ಮನಿಫೆಸ್ಟ್ ಅಕಾಡೆಮಿಗೆ ಹೊರಡುತ್ತಾರೆ. ಅವರಿಗೆ ಬೇಕಾದದ್ದು ತಮ್ಮ ಅರೆಬೆಂದ ಸ್ವರಲಿಪಿಯನ್ನು ಎದುರಿಗಿಟ್ಟುಕೊಂಡು ‘ಇಲ್ಲಿ ಉಸಿರು ತೆಗೆದುಕೊಳ್ಳಲು ಜಾಗವೇ ಕೊಟ್ಟಿಲ್ಲವಲ್ಲ’ ಎಂದು ಹೇಳಬಲ್ಲ ಕೊಳಲಿನವರು. ಲ್ಯಾಪ್‌ಟಾಪು ಅದನ್ನು ಹೇಳುವುದಿಲ್ಲ. ಏನು ಕೊಟ್ಟರೂ ದಣಿವಿಲ್ಲದೆ ನುಡಿಸಿಬಿಡುತ್ತದೆ.

ನಮ್ಮಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮನೆಮನೆಗೆ ಬಂದು ಎಷ್ಟೋ ಕಾಲವಾಯಿತು. ಯಂತ್ರವನ್ನು ಅಪಚಾರ ಎಂದವರೂ ಈಗ ಮೊಬೈಲ್ ಆಪ್ ಹಚ್ಚಿಕೊಂಡು ಸಾಧನೆ ಮಾಡುತ್ತಾರೆ. ಹಾಗಿರುವಾಗ ಧಾರವಾಡದಲ್ಲೋ ಮೈಸೂರಿನಲ್ಲೋ ಹತ್ತು ದಿನದ ಒಂದು ಬೇಸಿಗೆ ಕೂಟ ಯಾಕಾಗಬಾರದು? ಒಬ್ಬ ವೈಣಿಕರು, ಒಬ್ಬ ಪಿಟೀಲಿನವರು, ಒಬ್ಬ ಮೃದಂಗದವರು, ಕೋಡ್ ಬರೆಯುವ ಇಬ್ಬರೋ ಮೂವರೋ, ಹೊಸದಾಗಿ ಏನಾದರೂ ಕಟ್ಟಬೇಕೆನ್ನುವ ಆರೇಳು ಜನ. ಬೆಳಿಗ್ಗೆ ಬರೆದದ್ದನ್ನು ಸಂಜೆ ನುಡಿಸಬೇಕು. ನುಡಿಸುವ ಮುಂಚೆ ಬರೆದವರ ಭಾಷಣವಿಲ್ಲ. ಕೇಳಿದವರು ಮುಖಸ್ತುತಿ ಮಾಡಕೂಡದು, ಬೈಯಬಹುದು. ಪ್ರಮಾಣಪತ್ರವಂತೂ ಬೇಡವೇ ಬೇಡ. ಓದುಗರಲ್ಲಿ ಯಾರಾದರೂ ಕೈಜೋಡಿಸುವುದಾದರೆ ಒಂದು ಮಾತು: ವಾದಕರ ಸಂಭಾವನೆ ಮತ್ತು ಹತ್ತು ದಿನದ ಊಟದ ದುಡ್ಡನ್ನು ಮೊದಲೇ ಎತ್ತಿಡಬೇಕು. ಸ್ಪೀಕರ್ ಬಾಡಿಗೆಗೆ ಸಿಗುತ್ತದೆ.