ಸೂಜಿಗಿಂತ ಮೊದಲು ಸದ್ದಡಗಲಿ

ಬೇಸಿಗೆ ಬಂತೆಂದರೆ ಕಾಡಂಚಿನ ನಮ್ಮ ತಾಳವಾಡಿ ಸೀಮೆಯಲ್ಲಿ ಜಿಂಕೆ, ಕಡವೆ, ಕಾಟಿಗಳು ನೀರು ಮೇವು ಹುಡುಕಿಕೊಂಡು ಹೊಲಗಳತ್ತ ಇಳಿಯುತ್ತವೆ. ಕಟ್ಟೆಯಿಲ್ಲದ ಹಳೆಯ ಬಾವಿಗೆ ಬೀಳುತ್ತವೆ, ತಂತಿಬೇಲಿಗೆ ಕೊಂಬು ಸಿಕ್ಕಿಸಿಕೊಳ್ಳುತ್ತವೆ, ನಾಯಿಗಳು ಅಟ್ಟಿಸಿಕೊಂಡು ಬಂದಾಗ ದಿಕ್ಕು ತಪ್ಪಿ ಊರೊಳಗೆ ನುಗ್ಗುತ್ತವೆ. ಸುದ್ದಿ ಹಬ್ಬಿದ ಅರ್ಧ ಗಂಟೆಯೊಳಗೆ ಜನ ಜಾತ್ರೆಯಂತೆ ಸೇರುತ್ತಾರೆ. ಒಬ್ಬನ ಕೈಯಲ್ಲಿ ಹಗ್ಗ, ಇನ್ನೊಬ್ಬನ ಕೈಯಲ್ಲಿ ಬಡಿಗೆ, ಉಳಿದವರ ಕೈಯಲ್ಲಿ ಮೊಬೈಲು. ಅರಣ್ಯ ಇಲಾಖೆಯವರು ಜೀಪಿನಿಂದ ಇಳಿಯುವ ಮೊದಲೇ ಎಲ್ಲರ ಬಾಯಲ್ಲೂ ಒಂದೇ ಮಾತು: "ಒಂದು ಇಂಜೆಕ್ಷನ್ ಹೊಡೆದು ತಗೊಂಡು ಹೋಗಿ ಸಾರ್!"

ಈ ಮಾತಿನ ಬಗ್ಗೆಯೇ ನಾವು ಈ ಸಲ ಬರೆಯಬೇಕೆಂದಿದ್ದೇವೆ. ಮತ್ತು ಬರಿಸುವ ಮದ್ದು ಮಂತ್ರವಲ್ಲ. ಗೊರಸಿನ ಪ್ರಾಣಿಗಳ ಮಟ್ಟಿಗೆ ಅದು ಬಹಳ ನಾಜೂಕಿನ ಕೆಲಸ. ಆ ಮದ್ದು ಕೆಲಸ ಮಾಡಬೇಕಾದರೂ, ಪ್ರಾಣಿ ಬದುಕಬೇಕಾದರೂ ಮೊದಲು ಬೇಕಾದದ್ದು ಸುತ್ತಲಿನ ಮೌನ. ಅದು ವೈದ್ಯರ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ.

ಓಡಿ ಸಾಯುವ ಜಾತಿ

ಜಿಂಕೆಗೆ ದೇವರು ಕೊಟ್ಟಿರುವ ರಕ್ಷಣೆ ಓಟ ಒಂದೇ. ಹುಲಿ ಬೆನ್ನಟ್ಟಿದರೆ ಅದು ಒಂದೆರಡು ನಿಮಿಷ ಪ್ರಾಣಬಿಟ್ಟು ಓಡುತ್ತದೆ; ಆಮೇಲೆ ತಪ್ಪಿಸಿಕೊಂಡಿರುತ್ತದೆ, ಇಲ್ಲವೇ ಸತ್ತಿರುತ್ತದೆ. ಗಂಟೆಗಟ್ಟಲೆ ಹೆದರಿ ಒದ್ದಾಡುವುದಕ್ಕೆ ಅದರ ಮೈ ಒಗ್ಗಿಲ್ಲ. ಜನ ಸುತ್ತುಗಟ್ಟಿ ಕೂಗಾಡಿದಾಗ, ಕಾಲು ಕಟ್ಟಿ ಎಳೆದಾಗ, ಅದರ ಸ್ನಾಯುಗಳಲ್ಲಿ ಆಮ್ಲ ತುಂಬಿಕೊಳ್ಳುತ್ತದೆ, ಮೈಶಾಖ ಏರುತ್ತದೆ, ಸ್ನಾಯುವಿನ ಎಳೆಗಳೇ ಒಡೆದು ಹೋಗುತ್ತವೆ. ಒಡೆದ ಸ್ನಾಯುವಿನ ಬಣ್ಣದ ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಮೂತ್ರ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗುತ್ತದೆ.

ಇದನ್ನು ಪಶುವೈದ್ಯರು ಸೆರೆಹಿಡಿಯುವಾಗಿನ ಸ್ನಾಯುರೋಗ ಎನ್ನುತ್ತಾರೆ. ಕೆಲವು ಪ್ರಾಣಿ ಅಲ್ಲೇ ಹೃದಯ ನಿಂತು ಬೀಳುತ್ತದೆ. ಕೆಲವು ಎದ್ದು ಕಾಡಿಗೆ ಹೋಗಿ ಮೂರು ದಿನವೋ, ವಾರವೋ ಆದಮೇಲೆ ಪೊದೆಯಲ್ಲಿ ಸಾಯುತ್ತವೆ. "ನಾವು ಕಾಪಾಡಿ ಕಾಡಿಗೆ ಬಿಟ್ಟೆವು" ಎಂದು ಊರು ಸಂತೋಷಪಡುತ್ತದೆ. ಸತ್ತದ್ದು ಯಾರಿಗೂ ಗೊತ್ತಾಗುವುದಿಲ್ಲ. ಒಮ್ಮೆ ಬಂದಮೇಲೆ ಈ ರೋಗಕ್ಕೆ ಖಚಿತವಾದ ಚಿಕಿತ್ಸೆ ಇಲ್ಲ. ಬಾರದಂತೆ ನೋಡಿಕೊಳ್ಳುವುದೇ ಚಿಕಿತ್ಸೆ.

ಮದ್ದಿನ ಕಥೆ

ಬಂದೂಕಿನಿಂದ ಸೂಜಿ ಹಾರಿಸಿ ಪ್ರಾಣಿಗೆ ಮತ್ತು ಬರಿಸುವ ವಿಧಾನ ತೀರ ಹಳೆಯದಲ್ಲ. ನ್ಯೂಜಿಲೆಂಡಿನ ಟಿಮಾರು ಊರಿನ ಔಷಧ ವ್ಯಾಪಾರಿ ಕಾಲಿನ್ ಮರ್ಡಾಕ್ 1950ರ ದಶಕದಲ್ಲಿ ಇಂಥ ಬಂದೂಕನ್ನು ರೂಪಿಸಿದರು. ದೂರದಲ್ಲಿರುವ ಕಾಡುಮೇಕೆಗಳನ್ನು ಕೊಲ್ಲದೆ ಹಿಡಿದು ನೋಡಬೇಕೆಂಬುದು ಅದರ ಹಿಂದಿನ ಆಸೆ. 1960ರ ದಶಕದಲ್ಲಿ ಜೈಲಜಿನ್, ಕೆಟಮಿನ್, ಎಟಾರ್ಫಿನ್ ಎಂಬ ಮದ್ದುಗಳು ಒಂದರ ಹಿಂದೆ ಒಂದು ಬಂದವು. ಇಂದಿಗೂ ಜಿಂಕೆ ಜಾತಿಗೆ ಹೆಚ್ಚಾಗಿ ಜೈಲಜಿನ್ ಮತ್ತು ಕೆಟಮಿನ್ ಬೆರೆಸಿ ಕೊಡುತ್ತಾರೆ.

ಸಿನಿಮಾದಲ್ಲಿ ತೋರಿಸುವಂತೆ ಸೂಜಿ ತಗುಲಿದ ತಕ್ಷಣ ಪ್ರಾಣಿ ಕುಸಿದು ಬೀಳುವುದಿಲ್ಲ. ಐದು ನಿಮಿಷವಾಗಬಹುದು, ಹದಿನೈದೂ ಆಗಬಹುದು. ಅಷ್ಟರಲ್ಲಿ ಅದು ಓಡಿ ಹಳ್ಳಕ್ಕೆ ಬೀಳಬಹುದು, ರಸ್ತೆಗೆ ನುಗ್ಗಬಹುದು. ನೀರಿರುವ ಬಾವಿಯಲ್ಲಿ ಈಜುತ್ತಿರುವ ಕಡವೆಗೆ ಸೂಜಿ ಹೊಡೆದರೆ ಅದು ಮತ್ತಿನಲ್ಲಿ ಮುಳುಗಿ ಸಾಯುತ್ತದೆ. "ಸೂಜಿ ಯಾಕೆ ಹೊಡೆಯುತ್ತಿಲ್ಲ" ಎಂದು ನಾವು ರೇಗಾಡುವಾಗ ವೈದ್ಯರು ಸುಮ್ಮನೆ ನಿಂತಿರುವುದಕ್ಕೆ ಇಂಥ ಕಾರಣವೂ ಇರಬಹುದು.

ಇನ್ನೊಂದು ಸಂಗತಿಯನ್ನು ಬಹಳ ಜನ ತಿಳಿದಿಲ್ಲ. ಜೈಲಜಿನ್ ಶಾಂತವಾಗಿರುವ ಪ್ರಾಣಿಯ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಗಾಬರಿಗೊಂಡ ಪ್ರಾಣಿಯ ಮೇಲೆ ಅದರ ಬಲ ಕುಗ್ಗುತ್ತದೆ. ಆಗ ಎರಡನೆಯ ಸೂಜಿ, ಮೂರನೆಯ ಸೂಜಿ ಬೇಕಾಗುತ್ತದೆ, ಪ್ರತಿ ಸೂಜಿಗೂ ಅಪಾಯ ಹೆಚ್ಚುತ್ತದೆ. ಮಲಗಿದ ಮೇಲೂ ಅಷ್ಟೇ: ದೊಡ್ಡ ಸದ್ದು ಕೇಳಿದರೆ ಒಮ್ಮೆಲೇ ಎದ್ದು ಒದೆಯಬಲ್ಲದು. ನಮ್ಮ ಗಲಾಟೆ ನೇರವಾಗಿ ಮದ್ದನ್ನೇ ಕೆಡಿಸುತ್ತದೆ ಎಂಬುದನ್ನು ಇದರಿಂದ ತಿಳಿಯಬೇಕು.

ಬಲ್ಲವರು ಏನು ಮಾಡುತ್ತಾರೆ?

ಮಧ್ಯಪ್ರದೇಶದ ಬಾಂಧವಗಢದಲ್ಲಿ 1990ರ ದಶಕದಲ್ಲಿ ಕಾಟಿಗಳು ಇಲ್ಲವಾದವು. 2011 ಮತ್ತು 2012ರಲ್ಲಿ ಕಾನ್ಹಾ ಕಾಡಿನಿಂದ 50 ಕಾಟಿಗಳನ್ನು ಮತ್ತು ಬರಿಸಿ ಅಲ್ಲಿಗೆ ಸಾಗಿಸಿದರು. ಅಷ್ಟು ದೊಡ್ಡ ಪ್ರಾಣಿ ನೆಲಕ್ಕೆ ಒರಗಿದ ಕೂಡಲೇ ಕಣ್ಣಿಗೆ ಬಟ್ಟೆ ಕಟ್ಟಿ, ಉಸಿರು ಮತ್ತು ಮೈಶಾಖ ಗಮನಿಸುತ್ತಾ ಲಾರಿಗೆ ಏರಿಸಿದರು. ಪ್ರತಿಯೊಬ್ಬರಿಗೂ ಒಂದೊಂದೇ ಕೆಲಸವನ್ನು ಮೊದಲೇ ಹಂಚಿಕೊಂಡು ಮಾಡುವ ಕೆಲಸ ಅದು. ನೋಡಲು ಬಂದವರಿಗೆ ಅಲ್ಲಿ ಜಾಗವಿಲ್ಲ.

ಜಿಂಕೆ ಜಾತಿಗಾದರೆ ಬಲ್ಲವರು ಸೂಜಿಯನ್ನು ಆದಷ್ಟು ದೂರವೇ ಇಡುತ್ತಾರೆ. ಆಫ್ರಿಕಾದಲ್ಲಿ ರೂಢಿಗೆ ಬಂದ 'ಬೋಮಾ' ಎಂಬ ಪದ್ಧತಿಯಲ್ಲಿ ಆಳೆತ್ತರಕ್ಕಿಂತ ಎತ್ತರವಾದ ಪರದೆಗಳನ್ನು ಆಲಿಕೆಯ ಆಕಾರದಲ್ಲಿ ಕಟ್ಟಿ ಹಿಂಡನ್ನು ನಿಧಾನವಾಗಿ ಒಳಗೆ ಬಿಡುತ್ತಾರೆ. ಆಚೆ ಕಾಣದಿದ್ದರೆ ಜಿಂಕೆ ಬೇಲಿಗೆ ನುಗ್ಗುವುದಿಲ್ಲ. ಕೊನೆಯಲ್ಲಿ ನಿಂತಿರುವ ಕತ್ತಲೆಯ ಲಾರಿಯೊಳಕ್ಕೆ ಅದು ತಾನೇ ನಡೆದು ಹೋಗುತ್ತದೆ. 2025ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಶಾಜಾಪುರ ಜಿಲ್ಲೆಯಲ್ಲಿ ರೈತರ ಬೆಳೆ ತಿನ್ನುತ್ತಿದ್ದ ನೂರಾರು ಕೃಷ್ಣಮೃಗಗಳನ್ನು ಹೆಲಿಕಾಪ್ಟರಿನ ನೆರವಿನಿಂದ ಹೀಗೆಯೇ ಹಿಡಿದು ಬೇರೆ ಕಾಡಿಗೆ ಬಿಟ್ಟರು, ಮತ್ತಿನ ಮದ್ದಿಲ್ಲದೆ. ನ್ಯೂಜಿಲೆಂಡಿನ ಜಿಂಕೆ ಸಾಕಣೆಯವರೂ ದಿನನಿತ್ಯದ ಕೆಲಸಕ್ಕೆ ನಂಬುವುದು ಎತ್ತರದ ಹಲಗೆಗೋಡೆ ಮತ್ತು ಮಬ್ಬುಗತ್ತಲೆಯ ಕೊಟ್ಟಿಗೆಯನ್ನೇ.

ನಮ್ಮ ಕೊಟ್ಟಿಗೆಯ ಮಾತು

ಇದು ಕಾಡಿನ ಮಾತು ಮಾತ್ರವಲ್ಲ. ಹಾಯುವ ಹೋರಿ, ಒದೆಯುವ ಹಸು, ಕೊಂಬು ಮುರಿದುಕೊಂಡ ಎತ್ತು ನಮ್ಮ ಮನೆಗಳಲ್ಲೂ ಇವೆ. ಪಶುವೈದ್ಯರು ಸಿಗದಿದ್ದಾಗ ಬಾಟಲಿ ಇಟ್ಟುಕೊಂಡ ಯಾರನ್ನಾದರೂ ಕರೆದು "ಸ್ವಲ್ಪ ಮತ್ತಿನ ಮದ್ದು ಹಾಕಿ" ಎನ್ನುವ ರೂಢಿ ಬೆಳೆಯಬಾರದು.

ದನಗಳಿಗೆ ಜೈಲಜಿನ್ ಬಹಳ ಬೇಗ ಏರುತ್ತದೆ. ಕುದುರೆಗೆ ಕೊಡುವ ಪ್ರಮಾಣದ ಸುಮಾರು ಹತ್ತನೆಯ ಒಂದು ಭಾಗವೇ ಹಸುವಿಗೆ ಸಾಕು. ಲೆಕ್ಕ ತಪ್ಪಿದರೆ ಹೊಟ್ಟೆ ಉಬ್ಬರಿಸುತ್ತದೆ, ಜೊಲ್ಲು ಶ್ವಾಸನಾಳಕ್ಕೆ ಇಳಿಯುತ್ತದೆ, ಉಸಿರು ಕಟ್ಟುತ್ತದೆ. ತುಂಬು ಗಬ್ಬದ ಹಸುವಿಗೆ ಗರ್ಭಕೋಶ ಹಿಂಡಿ ಕರು ಕಳೆದುಕೊಳ್ಳುವ ಭಯವಿದೆ. ಆದ್ದರಿಂದ ಗಬ್ಬ ಎಷ್ಟು ತಿಂಗಳಿನದು, ಬೆಳಿಗ್ಗೆ ಏನು ತಿಂದಿದೆ, ಮೊದಲು ಯಾವ ಮದ್ದು ಕೊಟ್ಟಿದೆ ಎಂಬುದನ್ನು ವೈದ್ಯರಿಗೆ ನಾವೇ ಹೇಳಬೇಕು. ಮೊದಲೇ ಗೊತ್ತುಮಾಡಿದ ಆಪರೇಷನ್ನಾದರೆ ಎಷ್ಟು ಹೊತ್ತು ಮೇವು ನೀರು ನಿಲ್ಲಿಸಬೇಕೆಂದು ಕೇಳಿ ಅದರಂತೆ ನಡೆಯಬೇಕು. ಬಿಸಿಲೇರುವ ಮೊದಲು ಕೆಲಸ ಮುಗಿಯಬೇಕು. ಮತ್ತಿನಲ್ಲಿರುವ ದನವನ್ನು ಅಡ್ಡಡ್ಡ ಮಲಗಿಸದೆ ಎದೆಯ ಮೇಲೆ ಕೂರಿಸಿ, ಎರಡೂ ಪಕ್ಕಕ್ಕೆ ಹುಲ್ಲಿನ ಕಂತೆ ಒತ್ತರಿಸಿ, ಕತ್ತು ಎತ್ತರಿಸಿ ಮೂತಿ ಕೆಳಗಿರುವಂತೆ ಹಿಡಿಯಬೇಕು. ಜೊಲ್ಲು ಹೊರಗೆ ಹರಿದುಹೋಗುತ್ತದೆ. ಹಾಲನ್ನು ಎಷ್ಟು ಹೊತ್ತು ಬಳಸಬಾರದೆಂಬುದನ್ನೂ ಕೇಳಿಕೊಳ್ಳಬೇಕು.

ಬಹುಪಾಲು ಕೆಲಸಕ್ಕೆ ಮದ್ದೇ ಬೇಕಿಲ್ಲ. ಎತ್ತಿಗೆ ಲಾಳ ಕಟ್ಟುವಾಗ ನಮ್ಮ ಹಿರಿಯರು ಒಂದೇ ಹಗ್ಗದಲ್ಲಿ ಎತ್ತನ್ನು ಮೆತ್ತಗೆ ಕೆಡವುತ್ತಿದ್ದರು. ಕೊರಳಿಗೆ, ಎದೆಗೆ, ಸೊಂಟಕ್ಕೆ ಒಂದೊಂದು ಸುತ್ತು ಹಾಕಿ ಹಿಂದಕ್ಕೆ ಎಳೆಯುವ ಪದ್ಧತಿಯನ್ನು ಪಶುವೈದ್ಯ ಕಾಲೇಜಿನಲ್ಲೂ ಕಲಿಸುತ್ತಾರೆ. ದನದ ಕಣ್ಣು ಸುತ್ತಲೂ ಬಹುಪಾಲು ನೋಡಬಲ್ಲದು, ನೇರ ಹಿಂದೆ ಮಾತ್ರ ಕಾಣದು. ಹಿಂದಿನಿಂದ ಸದ್ದಿಲ್ಲದೆ ಹೋದವನಿಗೆ ಒದೆ ಬೀಳುವುದು ಅದಕ್ಕೇ. ಈ ಕೈಚಳಕ ತಿಳಿದ ಹಿರಿಯರು ಇನ್ನೂ ಇದ್ದಾರೆ. ನಮ್ಮ ಯುವಕರು ಅವರು ಇರುವಾಗಲೇ ಕಲಿತುಕೊಳ್ಳಲಿ.

ಇಲಾಖೆಯವರು ಬರುವ ತನಕ

1. ಮೊದಲು ಅರಣ್ಯ ಇಲಾಖೆಗೆ ಫೋನು, ಆಮೇಲೆ ಉಳಿದವರಿಗೆ. ಸ್ವಂತ ದನಕ್ಕಾದರೆ 1962ಕ್ಕೆ ಕರೆ ಮಾಡಿ.

2. ಜನರನ್ನು ಕಣ್ಣಿಗೆ ಕಾಣದಷ್ಟು ದೂರ ಕಳಿಸಿ. ನಾಯಿಗಳನ್ನು ಕಟ್ಟಿ. ಇಬ್ಬರು ಮೂವರು ಮಾತ್ರ ಕಾವಲಿರಲಿ. ಕಾಟಿಯಾದರೆ ಅವರೂ ದೂರವೇ ಇರಲಿ.

3. ಜಿಂಕೆ ಬೇಲಿಯಲ್ಲಿ ಸಿಕ್ಕಿ ಒದ್ದಾಡುತ್ತಿದ್ದರೆ ಟಾರ್ಪಾಲು, ಸೀರೆ, ಏನಾದರೂ ಅಡ್ಡ ಹಿಡಿದು ಮರೆಮಾಡಿ. ನೆರಳು ಮಾಡಿ. ಬಾಯಿಗೆ ನೀರು ಹೊಯ್ಯಬೇಡಿ. ಗಾಬರಿಯಲ್ಲಿ ಅದು ಶ್ವಾಸನಾಳಕ್ಕೆ ಹೋಗುತ್ತದೆ.

4. ಕೊಂಬು ಹಿಡಿದು ಎಳೆಯಬೇಡಿ, ಕಾಲು ಕಟ್ಟಬೇಡಿ.

5. ವೈದ್ಯರು ಬಂದು ಮದ್ದು ಹಾಕಿದ ಮೇಲೆ ಬಿದ್ದ ಸೂಜಿಯನ್ನು ಮುಟ್ಟಬೇಡಿ. ಎಟಾರ್ಫಿನ್ ಮಾರ್ಫಿನ್ನಿಗಿಂತ ಸಾವಿರ ಪಟ್ಟಿಗೂ ಮಿಗಿಲಾದ ಮದ್ದು. ಚರ್ಮದ ಗೀರಿಗೆ ತಗುಲಿದರೂ ಮನುಷ್ಯನ ಉಸಿರು ನಿಲ್ಲಬಹುದು. ಜೈಲಜಿನ್ ಕೂಡ ಮನುಷ್ಯನ ರಕ್ತದೊತ್ತಡ, ಹೃದಯ ಬಡಿತ ಇಳಿಸುತ್ತದೆ.

6. ಹುಲ್ಲಿನಲ್ಲಿ ಒಂಟಿಯಾಗಿ ಮುದುರಿ ಮಲಗಿದ ಮರಿ ತಬ್ಬಲಿಯಲ್ಲ. ತಾಯಿಯೇ ಅಡಗಿಸಿ ಮೇಯಲು ಹೋಗಿರುತ್ತದೆ. ಎತ್ತಿಕೊಂಡು ಮನೆಗೆ ತರಬೇಡಿ.

ಆರೋಗ್ಯದ ದೃಷ್ಟಿಯಿಂದಲೂ ಎಚ್ಚರ ಬೇಕು. ನಾಯಿ ಕಚ್ಚಿದ ಜಿಂಕೆಯ ಜೊಲ್ಲಿನಲ್ಲಿ ಹುಚ್ಚುನಾಯಿ ರೋಗವಿರಬಹುದು. ಕಾಡುಪ್ರಾಣಿಯ ಮೈಯ ಉಣ್ಣೆಗಳು ರೋಗ ತರಬಲ್ಲವು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಉಣ್ಣೆಯಿಂದಲೇ ಹರಡುವುದು, ಅದು ವಯನಾಡಿನಲ್ಲೂ ಕಾಣಿಸಿಕೊಂಡಿದೆ. ಮುಟ್ಟಲೇಬೇಕಾಗಿ ಬಂದವರು ಸೋಪು ಹಚ್ಚಿ ತೊಳೆದುಕೊಳ್ಳಲಿ, ಮೈ ಬಟ್ಟೆ ನೋಡಿಕೊಳ್ಳಲಿ. ಗೀರಿದ ಗಾಯಕ್ಕೆ ಜೊಲ್ಲು ತಗುಲಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಲಿ. ಮೂಗು ಬಾಯಲ್ಲಿ ರಕ್ತ ಸೋರಿ ಸತ್ತ ಪ್ರಾಣಿಯನ್ನು ಮುಟ್ಟಲೇಬಾರದು, ಅದು ನೆರಡಿ ರೋಗವಿರಬಹುದು. ಮತ್ತಿನ ಮದ್ದು ಹೊಕ್ಕ ಪ್ರಾಣಿಯ ಮಾಂಸ ತಿನ್ನುವುದೆಂದರೆ ಆ ಮದ್ದನ್ನೇ ತಿಂದಂತೆ. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಬಲೆಯೊಡ್ಡುವುದು, ಅಟ್ಟಿಸುವುದು ಕೂಡ ಬೇಟೆಯೇ ಎಂಬುದೂ ನೆನಪಿರಲಿ.

ನಮ್ಮ ಬೆಳೆ ತಿಂದದ್ದಕ್ಕೆ ನಾವೇ ಉಪಚಾರ ಮಾಡಬೇಕೇ?

ಈ ಪ್ರಶ್ನೆ ನ್ಯಾಯವಾದದ್ದು. ರಾಗಿ, ಮುಸುಕಿನ ಜೋಳ, ಕೋಸು ಬೆಳೆದವನ ಕಣ್ಣೀರು ನಮಗೆ ತಿಳಿಯದ್ದಲ್ಲ. 2013ರಲ್ಲಿ ಸತ್ಯಮಂಗಲದ ಕಾಡು ಹುಲಿ ಮೀಸಲು ಪ್ರದೇಶವಾದ ಮೇಲೆ ಅಂಚಿನ ಹೊಲದವರಿಗೆ ಕಾಡಿನ ನಂಟು ಇನ್ನಷ್ಟು ಹತ್ತಿರವಾಗಿದೆ. ಬೆಳೆ ಪರಿಹಾರ ಸಕಾಲಕ್ಕೆ ಸಿಗಬೇಕು, ಗಟ್ಟಿ ಬೇಲಿ ಬೇಕು, ಮತ್ತು ಬರಿಸಲು ಬಲ್ಲ ವನ್ಯಜೀವಿ ವೈದ್ಯರು ಗಂಟೆಯೊಳಗೆ ತಲುಪುವಷ್ಟು ಹತ್ತಿರದಲ್ಲಿರಬೇಕು. ಇದನ್ನೆಲ್ಲ ಸರಕಾರದ ಮುಂದೆ ಗಟ್ಟಿಯಾಗಿ ಕೇಳೋಣ. ಆದರೆ ಬಾವಿಯಲ್ಲಿ ಬಿದ್ದ ಒಂದು ಜಿಂಕೆಯ ಸುತ್ತ ಕೂಗಾಡುವುದರಿಂದ ಒಂದು ತೆನೆಯೂ ಮರಳಿ ಬಾರದು. ಗಾಬರಿಗೊಂಡ ಕಾಟಿ ಗುಂಪಿಗೆ ನುಗ್ಗಿದರೆ ನೆಲಕ್ಕೆ ಬೀಳುವವರು ನಮ್ಮ ಮಕ್ಕಳೇ.

ಆದ್ದರಿಂದ ನಮ್ಮ ಸೂಚನೆ ಇಷ್ಟು. ಪ್ರತಿ ಊರಿನಲ್ಲೂ ಐದು ಜನರ ಒಂದು ತಂಡವಿರಲಿ: ಇಬ್ಬರು ಜನರನ್ನು ದೂರವಿಡಲು, ಒಬ್ಬರು ಫೋನಿಗೆ, ಇಬ್ಬರು ಕಾವಲಿಗೆ. ಒಂದು ಟಾರ್ಪಾಲು, ಎರಡು ಕಂಬಳಿ, ಗಟ್ಟಿ ಹಗ್ಗ, ಕೈಚೀಲ, ಟಾರ್ಚು ಒಂದು ಮನೆಯಲ್ಲಿ ತೆಗೆದಿಟ್ಟಿರಲಿ. ಅರಣ್ಯ ಕಚೇರಿಯ ಮತ್ತು ಪಶು ಆಸ್ಪತ್ರೆಯ ಫೋನು ನಂಬರನ್ನು ದೊಡ್ಡಕ್ಷರದಲ್ಲಿ ಬರೆದು ಹಾಲಿನ ಡೈರಿಯ ಗೋಡೆಗೆ ಅಂಟಿಸೋಣ. ಎಲ್ಲಕ್ಕಿಂತ ಮೊದಲು, ಮುಂದಿನ ಬೇಸಿಗೆಯೊಳಗೆ ನಮ್ಮ ನಮ್ಮ ಹೊಲದ ಪಾಳುಬಾವಿಗಳಿಗೆ ಎದೆಮಟ್ಟದ ಕಟ್ಟೆ ಕಟ್ಟಿಸೋಣ, ಇಲ್ಲವೇ ಮುಚ್ಚಿಸೋಣ. ಕಟ್ಟೆ ಇದ್ದರೆ ಜಿಂಕೆಯೂ ಬೀಳದು, ನಮ್ಮ ಹಸುವೂ ಬೀಳದು, ಕತ್ತಲಲ್ಲಿ ನೀರು ಕಟ್ಟಲು ಹೋದ ಮಗನೂ ಬೀಳನು.