ಒಂದ್ ಸಲ ಮರಿ ಹಾಕ್ಲಿ ಅನ್ನೋ ಮಾತು

"ಒಂದ್ ಸಲ ಮರಿ ಹಾಕ್ಲಿ ಬಿಡ್ರಿ, ಆಮ್ಯಾಲ ಆಪರೇಷನ್ ನೋಡೋಣಂತ." ನಮ್ಮ ಮಲ್ಲಟದಾಗ ಹೆಣ್ ನಾಯಿ ಸಾಕಿದವರೆಲ್ಲಾ ಹೇಳೋ ಮಾತಿದು. ನಾನೂ ಅಂದಾಕಿನ. ಅದಕ್ಕ ಅಕ್ಕಾರೆ, ವೈನಿಯರೆ, ಇವತ್ತ ನಿಮ್ಮ ಜೊತಿ ಜಗಳಕ್ಕ ಕುಂತೀನಿ.

ನಮ್ಮ ಕರಿ ಮೂರು ಸಲ ಮರಿ ಹಾಕಿತ್ತು. ಎಂಟನೇ ವರ್ಷಕ್ಕ ಹಿಂದಿನ ಮೊಲಿ ಹತ್ರ ಕಡ್ಲಿಕಾಳಿನಷ್ಟು ಗಂಟು ಕೈಗೆ ಹತ್ತಿತು. ಹಾಲು ಕಟ್ಯಾದ ಅಂದ್ರು ಓಣಿಯವ್ರು. ಅರಿಷಿಣ ಹಚ್ಚಿದೆ, ಬೇವಿನ ಎಲಿ ಅರದು ಕಟ್ಟಿದೆ. ಮರಿನ ಇಲ್ಲದ ನಾಯಿಗೆ ಹಾಲು ಎಲ್ಲಿಂದ ಕಟ್ಟತದ ಅಂತ ಒಬ್ಬರಿಗೂ ಹೊಳೀಲಿಲ್ಲ, ನನಗೂ ಹೊಳೀಲಿಲ್ಲ. ದನದ ದವಾಖಾನಿಗೆ ಒಯ್ಯೋದ್ರಾಗ ನಿಂಬಿಹಣ್ಣಿನಷ್ಟಾಗಿ ಒಡದಿತ್ತು. ಕ್ಯಾನ್ಸರ್ ಶ್ವಾಸಕೋಶಕ್ಕ ಹೋಗ್ಯಾದ ಅಂದ್ರು ಡಾಕ್ಟ್ರು. ಕಡೀ ಹದಿನೈದು ದಿನ ಅದು ಮಲಗಲಿಲ್ಲ, ಕುಂತೇ ಉಸಿರಾಡ್ತು.

ಬೆದಿಗೆ ಬಂದಾಗೆಲ್ಲಾ ಮೈಯಾಗ ಏರೋ ಹಾರ್ಮೋನೇ ಈ ಗಂಟಿಗೆ ದಾರಿ ಮಾಡ್ತದಂತ. 1969ರಾಗ ಅಮೆರಿಕದ ಸಂಶೋಧಕರು ಲೆಕ್ಕ ಹಾಕ್ಯಾರ: ಹಂಗ ಬಿಟ್ಟ ನಾಯಿಗೆ 100 ಪಾಲು ಅಪಾಯ ಅಂದ್ರ, ಮೊದಲ ಬೆದಿಗಿಂತ ಮುಂಚೆ ಆಪರೇಷನ್ ಮಾಡಿಸಿದ್ದಕ್ಕ ಅರ್ಧ ಪಾಲು. ಒಂದು ಬೆದಿ ಆದಮ್ಯಾಲ 8, ಎರಡಾದ ಮ್ಯಾಲ 26. ಆ ಲೆಕ್ಕ ಅಷ್ಟು ಪಕ್ಕಾ ಅಲ್ಲ ಅಂತ ಈಗ ವಾದ ಮಾಡೋರೂ ಅದಾರ, ಇರಲಿ. ಮರಿ ಹಾಕಿದ್ರ ಕ್ಯಾನ್ಸರ್ ತಪ್ಪತದ ಅಂತ ಮಾತ್ರ ಅವರೂ ಹೇಳಿಲ್ಲ.

"ದೇವರು ಕೊಟ್ಟದ್ದು ಕೊಯ್ಸಿದ್ರ ಪಾಪ" ಅಂತೀರಿ. ಕಣ್ಣು ತೆರೀದ ಹೆಣ್ ಮರಿಗೋಳನ್ನ ಚೀಲದಾಗ ತುಂಬಿ ಕಾಲುವಿ ದಂಡಿಗೆ ಬಿಟ್ಟು ಬರ್ತೀರಲ್ಲ, ಅದು ಯಾವ ಲೆಕ್ಕಕ್ಕ ಬರೀತಾರ?

ಇನ್ನ, ಬೀದಿ ನಾಯಿ ಹಿಂದಿನಿಂದ ರಕ್ತ ಸುರಿಸ್ತಾ ಬಂದ್ರ ಕಲ್ಲು ಒಗೀತೀರಿ. ಎಷ್ಟೋ ಸಲ ಅದೂ ಒಂದು ಗಂಟೇ, ಕೂಡುವಾಗ ನಾಯಿಯಿಂದ ನಾಯಿಗೆ ಅಂಟೋ ಕ್ಯಾನ್ಸರು. ವಾರಕ್ಕೊಂದರಂಗ ನಾಕಾರು ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಕೊಟ್ರ ಬಹಳಷ್ಟು ನಾಯಿ ಪೂರಾ ವಾಸಿ ಆಗ್ತಾವ. ಆ ಔಷಧ ಸಿಕ್ಕದ್ದು ನಮ್ಮ ಅಂಗಳದ ಕಾಶಿ ಕಣಗಿಲೆ ಗಿಡದಾಗ, ಮಕ್ಕಳ ರಕ್ತದ ಕ್ಯಾನ್ಸರಿಗೂ ಅದನ್ನೇ ಕೊಡ್ತಾರ. ಹಂಗಂತ ಎಲಿ ಅರದು ಕುಡಿಸಬ್ಯಾಡ್ರೆವ್ವಾ, ವಿಷ ಅದು.

ಈಗ ಮನ್ಯಾಗ ಐದು ತಿಂಗಳ ಹೆಣ್ ಮರಿ ಅದ. ಬರೋ ಸೋಮವಾರ ಅದರ ಆಪರೇಷನ್. ಅತ್ತಿಯವ್ರು ಎರಡು ದಿನದಿಂದ ಮಾರಿ ತಿರುವ್ಯಾರ. ತಿರುವಲಿ.