ಮಗ್ಗುಲು ಬದಲಿಸುವ ವಿದ್ಯೆ

ಪಾರ್ಶ್ವವಾಯುವಿನಿಂದ ಬಲಗೈ ಸ್ವಾಧೀನ ತಪ್ಪಿದ ವೃದ್ಧರೊಬ್ಬರಿಗೆ ಅಂಗಿ ತೊಡಿಸುವುದರಲ್ಲಿ ಕಲಿಯಬೇಕಾದದ್ದಾದರೂ ಏನಿದೆ ಎಂದು ಕೇಳುವವರು, ಆ ಕೆಲಸವನ್ನು ಕಲಿಯದವರು ಮಾಡುವಾಗ ಒಮ್ಮೆ ನಿಂತು ನೋಡಬೇಕು. ಅವರು ಸರಾಗವಾಗಿ ಆಡುವ ಎಡಗೈಯನ್ನು ಮೊದಲು ತೋಳಿನೊಳಕ್ಕೆ ತೂರಿಸಿ, ಆಮೇಲೆ ಬಟ್ಟೆ ಸಾಲದೆ ಬಂದಾಗ ಸೋತ ಕೈಯನ್ನು ಹಿಂದಕ್ಕೆ ತಿರುಚಿ ಎಳೆಯುತ್ತಾರೆ. ಬಿಗಿ ಕಳೆದುಕೊಂಡ ಭುಜದ ಕೀಲು ಆ ಎಳೆತವನ್ನು ತಾಳಲಾರದು, ಮಾತು ನಿಂತುಹೋದ ವೃದ್ಧರು ತಮ್ಮ ನೋವನ್ನು ಹೇಳಲಾರರು. ಕಲಿತವರಾದರೋ ಸೋತ ಕೈಗೆ ಮೊದಲು ತೋಳು ಹಾಕುತ್ತಾರೆ. ಅಂಗಿ ಕಳಚುವಾಗ ಅದೇ ಕೈಯನ್ನು ಕಟ್ಟಕಡೆಗೆ ಬಿಡಿಸುತ್ತಾರೆ. ಇಷ್ಟೇ ವಿದ್ಯೆ. ಆದರೆ ಇದು ಹುಟ್ಟಿನೊಡನೆ ಬಂದುದಲ್ಲ. ಬಲ್ಲವರು ಪಕ್ಕದಲ್ಲಿ ನಿಂತು ಹಲವು ಸಲ ತಿದ್ದಿದ ಮೇಲೆ ಕೈಗೆ ಹತ್ತತಕ್ಕದ್ದು.

ಈ ಕೆಲಸ ಮಾಡುವವರನ್ನು ನಮ್ಮ ಆಸ್ಪತ್ರೆಗಳು ಆಯಾ ಎಂದೂ ವಾರ್ಡ್ ಬಾಯ್ ಎಂದೂ ಕರೆಯುತ್ತವೆ. ಸರ್ಕಾರಿ ಕಡತಗಳಲ್ಲಿ ಇವರು ಡಿ ಗ್ರೂಪ್ ನೌಕರರು. ಮನೆಗೆ ಬಂದು ನೋಡಿಕೊಳ್ಳುವವಳಾದರೆ, ನರ್ಸಿಂಗ್ ಶಾಲೆಯ ಮೆಟ್ಟಿಲು ಹತ್ತದಿದ್ದರೂ, ಹೋಂ ನರ್ಸ್. ಇವರಿಗೊಂದು ಕ್ರಮಬದ್ಧವಾದ ಶಿಕ್ಷಣವಿರಬೇಕೆಂಬ ವಿವೇಕ ಸರ್ಕಾರಕ್ಕೆ ಮೂಡಲೇ ಇಲ್ಲವೆನ್ನಲಾಗದು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ತರಬೇತಿಗೆ ಸ್ಥಾನ ದೊರೆತಿದೆ. ಕೋವಿಡ್‌ನ ಎರಡನೆಯ ಅಲೆಯಲ್ಲಿ ಹಾಸಿಗೆಯಂತೆಯೇ ಹಾಸಿಗೆಯ ಬಳಿ ನಿಲ್ಲುವವರೂ ದುರ್ಲಭರಾದುದನ್ನು ಕಂಡ ಮೇಲೆ, 2021ರ ಜೂನ್ ತಿಂಗಳಿನಲ್ಲಿ, ಒಂದು ಲಕ್ಷ ಮಂದಿಯನ್ನು ಮನೆಯ ಆರೈಕೆ, ತುರ್ತು ಆರೈಕೆ ಮೊದಲಾದ ಆರು ಬಗೆಯ ಕೆಲಸಗಳಿಗೆ ಸಿದ್ಧಗೊಳಿಸುವ ಅಲ್ಪಾವಧಿ ಶಿಕ್ಷಣವೂ ಪ್ರಾರಂಭವಾಯಿತು. ಬಾಯಾರಿದಾಗ ಬಾವಿ ತೋಡುವುದು ನಮ್ಮ ಅಭ್ಯಾಸ. ಈ ಸಲ ತೋಡಿದ್ದಾದರೂ ಆಯಿತಲ್ಲ ಎಂದು ಸಮಾಧಾನಪಡಬೇಕು.

ಕಲಿಸತಕ್ಕ ವಿಷಯಗಳ ಬಗ್ಗೆ ನನ್ನ ತಕರಾರಿಲ್ಲ. ಮಿಸುಕಲಾರದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಬದಲಿಸುವಾಗ ಚರ್ಮ ಹಾಸಿಗೆಗೆ ಉಜ್ಜದಂತೆ, ಕೆಳಗೆ ಹಾಸಿದ ಅಡ್ಡಬಟ್ಟೆಯನ್ನು ಇಬ್ಬರು ಎರಡು ಕಡೆ ಹಿಡಿದು ಒಟ್ಟಿಗೆ ಎತ್ತುವುದು. ಸೊಂಟದ ಕೆಳಗಿನ ಮೂಳೆಯ ಮೇಲೋ ಹಿಮ್ಮಡಿಯ ಮೇಲೋ ಚರ್ಮ ಕೆಂಪಾಗಿ, ಬೆರಳಿನಿಂದ ಒತ್ತಿ ಬಿಟ್ಟರೂ ಆ ಕೆಂಪು ಮಾಯದಿದ್ದರೆ ಹುಣ್ಣು ಆರಂಭವಾಯಿತೆಂದು ತಿಳಿದು ಒಡನೆಯೇ ನರ್ಸಿಗೆ ಹೇಳುವುದು — ನಮ್ಮ ಜನರ ಕಪ್ಪು ಮೈಯಲ್ಲಿ ಆ ಕೆಂಪು ಕಾಣದೆಯೂ ಹೋದೀತು, ಆಗ ಅಲ್ಲಿಯ ಬಿಸಿಯನ್ನೂ ಗಡಸನ್ನೂ ಅಂಗೈ ತಾನೇ ಗುರುತಿಸಬೇಕು. ಮೂತ್ರದ ಚೀಲವನ್ನು ಎಂದಿಗೂ ಸೊಂಟದ ಮಟ್ಟಕ್ಕಿಂತ ಮೇಲೆ ಎತ್ತದಿರುವುದು. ಇವೆಲ್ಲ ಸಣ್ಣ ಸಂಗತಿಗಳೆಂದು ತೋರಿದರೂ ರೋಗಿ ಎದ್ದು ಮನೆಗೆ ಹೋಗುವುದೂ ಹೋಗದಿರುವುದೂ ಎಷ್ಟೋ ವೇಳೆ ಇವುಗಳ ಮೇಲೆಯೇ ನಿಂತಿರುತ್ತದೆ. ಪ್ರೀತಿಯೊಂದಿದ್ದರೆ ಸಾಕು, ಆರೈಕೆ ಹೆಂಗಸರಿಗೆ ಸಹಜವಾಗಿ ಬರುತ್ತದೆ ಎಂಬ ಮಾತನ್ನು ನಾವು ಬಹಳ ಕಾಲದಿಂದ ಆಡಿಕೊಂಡು ಬಂದಿದ್ದೇವೆ. ನುಂಗಲಾರದ ತಂದೆಗೆ ಮಲಗಿದ್ದಂತೆಯೇ ಗಂಜಿ ಕುಡಿಸುವ ಮಗಳಲ್ಲಿ ಪ್ರೀತಿಗೆ ಕೊರತೆಯಿಲ್ಲ. ಆ ಗಂಜಿ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆದೀತೆಂದು, ನೆಟ್ಟಗೆ ಕೂರಿಸಿ, ಗದ್ದವನ್ನು ತುಸು ಬಾಗಿಸಿ, ಒಂದು ಗುಟುಕು ಇಳಿದುದನ್ನು ಕಂಡ ಮೇಲೆ ಇನ್ನೊಂದನ್ನು ಕೊಡಬೇಕೆಂದು, ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ.

ಹಾಗಾದರೆ ಕುಂದು ಎಲ್ಲಿದೆ? ಕಲಿತುಬಂದವಳ ವಿದ್ಯೆಯನ್ನು ಕೇಳುವವರು ಇಲ್ಲದಿರುವುದರಲ್ಲಿದೆ. ಹೊರಗುತ್ತಿಗೆಯ ಏಜೆನ್ಸಿ ತಲೆಗಳನ್ನು ಎಣಿಸಿ ಕಳುಹಿಸುತ್ತದೆ. ಆಸ್ಪತ್ರೆ ತಲೆಗಳನ್ನು ಎಣಿಸಿ ಒಪ್ಪಿಕೊಳ್ಳುತ್ತದೆ. ಬೆಳಿಗ್ಗೆ ಶೌಚಾಲಯ ತೊಳೆದವಳನ್ನೇ ಮಧ್ಯಾಹ್ನ ಶಸ್ತ್ರಚಿಕಿತ್ಸೆಯಾದ ರೋಗಿಯನ್ನು ಸ್ಟ್ರೆಚರಿಗೆ ಎತ್ತಲು ಕರೆಯುವ ವಾರ್ಡಿನಲ್ಲಿ ಪ್ರಮಾಣಪತ್ರಕ್ಕೆ ಏನು ಬೆಲೆ? ಕಲಿತವಳಿಗೂ ಕಲಿಯದವಳಿಗೂ ಕೂಲಿ ಒಂದೇ ಆದಲ್ಲಿ, ದಿನಗೂಲಿಯ ಮನೆಯಿಂದ ಬಂದ ಹೆಣ್ಣುಮಗಳ ಪಾಲಿಗೆ ತರಬೇತಿಯ ತಿಂಗಳುಗಳು ಸಂಪಾದನೆ ತಪ್ಪಿದ ತಿಂಗಳುಗಳೇ ಹೊರತು ಮತ್ತೇನೂ ಅಲ್ಲ. ಅಲ್ಪ ಸಂಬಳದವರು ಗಾಲಿಕುರ್ಚಿ ತಳ್ಳುವುದಕ್ಕೂ ಭಕ್ಷೀಸಿಗೆ ಕೈಚಾಚುತ್ತಾರೆಂದು ಗೊಣಗುವ ನಾವು, ಆ ಕೈಗೆ ವಿದ್ಯೆಯನ್ನಾಗಲಿ ಮರ್ಯಾದೆಯ ವೇತನವನ್ನಾಗಲಿ ಕೊಟ್ಟವರಲ್ಲ.

ಈ ಉದಾಸೀನದ ಬೇರು ಹಣದ ಅಭಾವದಲ್ಲಿ ಮಾತ್ರ ಇದೆಯೆಂದು ನಾನು ನಂಬಲಾರೆ. ಮಲಮೂತ್ರಗಳನ್ನು ಮುಟ್ಟುವ ಕೆಲಸವನ್ನು ಕೆಲವು ಜಾತಿಗಳಿಗೂ, ಮನೆಯೊಳಗಾದರೆ ಸೊಸೆಯಂದಿರಿಗೂ ಹೊರಿಸಿ, ಮುಟ್ಟಿದವರನ್ನು ಕೀಳಾಗಿ ಕಂಡ ಸಮಾಜ ನಮ್ಮದು; ಅಂಥ ಕೆಲಸದಲ್ಲಿ ಶಾಸ್ತ್ರವೊಂದಿರಬಹುದೆಂದು ಒಪ್ಪಲು ನಮ್ಮ ಮನಸ್ಸು ಹಿಂಜರಿಯುವುದು ಆಶ್ಚರ್ಯವಲ್ಲ.

ತರಬೇತಿ ಕೊಟ್ಟರೆ ಇವರು ನರ್ಸುಗಳ ಸ್ಥಾನವನ್ನೇ ಆಕ್ರಮಿಸುವರೆಂಬ ಭಯವೂ ಇದೆ; ಅದು ನಿರಾಧಾರವಲ್ಲ. ಎ.ಎನ್.ಎಂ. (ಸಹಾಯಕ ನರ್ಸ್-ಮಿಡ್‌ವೈಫ್) ಆಗಲು ಎರಡು ವರ್ಷ ಓದಿ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿ ಪಡೆಯಬೇಕಾಗಿರುವಾಗ, ಕೆಲವು ತಿಂಗಳು ಕಲಿತವಳ ಕೈಯಲ್ಲಿ ಇಂಜೆಕ್ಷನ್ ಕೊಡಿಸುವುದು ಅನ್ಯಾಯ. ಆದರೆ ಹಾಗೆ ಕೊಡಿಸುವವರು ಹೆಚ್ಚಾಗಿ ಮನೆಯವರೇ, ಅಲ್ಲವೆ? ‘ಇನ್ಸುಲಿನ್ ಒಂದು ಚುಚ್ಚಿಬಿಡಮ್ಮ’ ಎಂಬ ಕೋರಿಕೆಗೆ ‘ಅದು ನನ್ನ ಕೆಲಸವಲ್ಲ, ಅಮ್ಮಾ’ ಎಂದು ಉತ್ತರಿಸುವ ಧೈರ್ಯವೂ ತರಬೇತಿಯಿಂದಲೇ ಬರತಕ್ಕದ್ದು.

ಫ್ಲಾರೆನ್ಸ್ ನೈಟಿಂಗೇಲ್ ಅವರ ನರ್ಸಿಂಗ್ ಶಾಲೆ 1860ರಲ್ಲೇ ಲಂಡನ್ನಿನಲ್ಲಿ ತೆರೆದಿದ್ದರೂ, ಸಹಾಯಕರ ಶಿಕ್ಷಣದ ಅವ್ಯವಸ್ಥೆಯನ್ನು 2013ರಲ್ಲಿ ಒಂದು ಸಮೀಕ್ಷೆ ಎತ್ತಿತೋರಿದ ಮೇಲೆಯೇ ಇಂಗ್ಲೆಂಡಿನಲ್ಲಿ, 2015ರಿಂದ, ಅವರೆಲ್ಲರಿಗೂ ಸಮಾನವಾದೊಂದು ಪ್ರಮಾಣಪತ್ರ ಬಂದಿತು. ನಾವು ಅಷ್ಟು ಕಾಲ ಕಾಯಲಾಗದು. 2011ರ ಜನಗಣತಿಯಲ್ಲೇ ಕರ್ನಾಟಕದ ಜನಸಂಖ್ಯೆಯಲ್ಲಿ ಅರವತ್ತು ದಾಟಿದವರು ಶೇಕಡ 9ಕ್ಕೂ ಹೆಚ್ಚಾಗಿದ್ದರು, ಮಕ್ಕಳು ದೂರದ ಊರು ಸೇರಿದ ಮನೆಗಳು ಅಂದಿನಿಂದ ಹೆಚ್ಚಿವೆಯೇ ಹೊರತು ಕಡಿಮೆಯಾಗಿಲ್ಲ. ಈಗಾಗಲೇ ವಾರ್ಡುಗಳಲ್ಲಿ ದುಡಿಯುತ್ತಿರುವ ಆಯಾಗಳಿಂದಲೇ ಆರಂಭವಾಗಲಿ: ಅವರನ್ನು ಸಂಬಳದ ಮೇಲೆಯೇ ಪಾಳಿಯಿಂದ ಬಿಡಿಸಿ, ಜಿಲ್ಲಾ ಆಸ್ಪತ್ರೆಯ ಹಿರಿಯ ನರ್ಸೊಬ್ಬರ ಕೈಕೆಳಗೆ, ಕನ್ನಡದಲ್ಲಿ, ರೋಗಿಯ ಹಾಸಿಗೆಯ ಬಳಿಯೇ ಕಲಿಸಿ, ಕಲಿತವರಿಗೆ ಬೇರೆಯೇ ಹುದ್ದೆಯನ್ನೂ ಹೆಚ್ಚಿನ ವೇತನವನ್ನೂ ನಿಗದಿಮಾಡಬೇಕು. ಇದಕ್ಕೆ ತಗಲುವ ವೆಚ್ಚವೆಷ್ಟೆಂದು ಹಣಕಾಸು ಇಲಾಖೆ ಕೇಳುವುದು ನ್ಯಾಯವೇ. ಹಾಸಿಗೆಹುಣ್ಣಾದ ಒಬ್ಬ ರೋಗಿಗೆ ವಾರಗಟ್ಟಲೆ ಕಟ್ಟುವ ಬ್ಯಾಂಡೇಜು, ಆ್ಯಂಟಿಬಯಾಟಿಕ್, ಆತನಿಂದ ತೆರವಾಗದೆ ಉಳಿದ ಹಾಸಿಗೆ, ಇವುಗಳ ವೆಚ್ಚವನ್ನೂ ಅದು ಅದೇ ಲೆಕ್ಕದಲ್ಲಿ ಎದುರು ಪುಟಕ್ಕೆ ಬರೆದುಕೊಳ್ಳಲಿ.